ಮಗು ತಾನೇ ಉಣ್ಣಲಿ: ಒಂದು ವರ್ಷ ದಾಟಿದ ಮಕ್ಕಳಿಗೆ ತಟ್ಟೆಯೂಟ ಕಲಿಸುವ ಬಗೆ

ಒಂದು ವರ್ಷ ದಾಟಿದ ಮಗುವಿಗೆ ಉಣ್ಣಿಸುವುದು ಅನೇಕ ಮನೆಗಳಲ್ಲಿ ದಿನಕ್ಕೆ ಮೂರು ಸಲ ನಡೆಯುವ ಹೋರಾಟವಾಗಿದೆ. ಅಜ್ಜಿ ಬಟ್ಟಲು ಹಿಡಿದು ಮಗುವಿನ ಬೆನ್ನ ಹಿಂದೆ ಕೋಣೆಯಿಂದ ಕೋಣೆಗೆ ತಿರುಗುತ್ತಾರೆ, ತಾಯಿ ಮೊಬೈಲಿನಲ್ಲಿ ಹಾಡು ಹಾಕುತ್ತಾಳೆ, ಮಗು ಮೈಮರೆತು ಬಾಯಿ ತೆರೆದಾಗ ತುತ್ತು ಒಳಗೆ ಸೇರುತ್ತದೆ. ಮುಕ್ಕಾಲು ಗಂಟೆ ಕಳೆದರೂ ಬಟ್ಟಲು ಅರ್ಧ ಖಾಲಿಯಾಗಿರುವುದಿಲ್ಲ; ಉಣ್ಣಿಸಿದವರು ಮಾತ್ರ ಪೂರ್ತಿ ಸುಸ್ತಾಗಿರುತ್ತಾರೆ. ನೆಂಟರಿಷ್ಟರ ಮನೆಗಳಲ್ಲಿ, ನೆರೆಹೊರೆಯಲ್ಲಿ ಇದನ್ನು ಮತ್ತೆ ಮತ್ತೆ ನೋಡಿ ಬೇಸರಗೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಮಗುವಿಗೆ ತನ್ನ ಕೈಯಿಂದ ಉಣ್ಣುವುದನ್ನು ಕಲಿಸಿದರೆ ಈ ಹೋರಾಟದ ಬಹುಪಾಲು ತಾನಾಗಿಯೇ ನಿಲ್ಲುತ್ತದೆ. ನೆಲ, ಗೋಡೆ, ಮಗುವಿನ ತಲೆಗೂದಲು ಕೆಲವು ವಾರ ಕೊಳೆಯಾಗುತ್ತವೆ. ಅದಕ್ಕೆ ಸಿದ್ಧರಾಗಿಯೇ ಆರಂಭಿಸಬೇಕು.

ಕಲಿಸುವ ಮೊದಲು ಒಂದು ವಿಷಯ ಮನೆಯವರೆಲ್ಲರಿಗೂ ಗೊತ್ತಿರಬೇಕು. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಸುಮಾರು ಒಂಬತ್ತು ಕಿಲೋ ಆಗುತ್ತದೆ, ಎಂದರೆ ಮೂರು ಪಟ್ಟು ತೂಗುತ್ತದೆ. ಆದರೆ ಎರಡನೆಯ ವರ್ಷ ಪೂರ್ತಿ ಸೇರಿ ಅದು ಪಡೆಯುವ ತೂಕ ಎರಡರಿಂದ ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ಇಷ್ಟು ತಗ್ಗಿದ ಮೇಲೆ ಹಸಿವೂ ತಗ್ಗುವುದು ಸಹಜ. ‘ಮೊದಲು ಬಟ್ಟಲು ತುಂಬ ತಿನ್ನುತ್ತಿತ್ತು, ಈಗ ಎರಡು ತುತ್ತಿಗೆ ಮುಖ ತಿರುಗಿಸುತ್ತದೆ’ ಎಂಬ ಅಜ್ಜಿಯಂದಿರ ಆತಂಕಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಇದೇ ಹೊರತು ದೃಷ್ಟಿಯಾಗಿರುವುದಾಗಲಿ, ಜಂತುಹುಳುವಾಗಲಿ ಅಲ್ಲ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದನ್ನು ನೀವು ನಿರ್ಧರಿಸಿ. ಎಷ್ಟು ಉಣ್ಣಬೇಕು ಎಂಬುದನ್ನು ಮಗುವಿಗೆ ಬಿಡಿ.

ಮೊದಲನೆಯ ಹಂತ: ಹಸಿವು

ಹಸಿಯದ ಮಗುವಿಗೆ ಯಾರೂ ಏನನ್ನೂ ಕಲಿಸಲಾರರು. ಊಟಕ್ಕೆ ಮುನ್ನ ಎರಡೂವರೆ ಗಂಟೆ ಹಾಲು, ಬಿಸ್ಕತ್ತು, ಹಣ್ಣಿನ ರಸ ಯಾವುದೂ ಬೇಡ, ನೀರು ಕೊಡಬಹುದು. ಒಂದು ವರ್ಷದ ನಂತರ ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರನ್ನು ಮೀರಬಾರದು. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಹೊಟ್ಟೆ ತುಂಬ ಹಾಲು ಕುಡಿದ ಮಗು ಊಟ ಬಿಟ್ಟು ಕ್ರಮೇಣ ರಕ್ತಹೀನತೆಗೆ ಒಳಗಾಗುತ್ತದೆ. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಗಳನ್ನು ಮನೆಯೊಳಗೆ ತರಲೇಬೇಡಿ. ಅಂಥ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಿಂದ ತೆಗೆಯುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಬೆರೆತ ಯಾವ ಪುಡಿಯ ಅಗತ್ಯವೂ ಇಲ್ಲ.

ಎರಡನೆಯ ಹಂತ: ಜಾಗ ಮತ್ತು ಪಾತ್ರೆ

ಹಳೆಯ ಬೆಡ್‌ಶೀಟನ್ನು ನೆಲದ ಮೇಲೆ ಹಾಸಿ, ಮಗುವಿನ ಅಂಗಿ ಕಳಚಿ, ಬನಿಯನ್‌ನಲ್ಲಿಯೋ ಚಡ್ಡಿಯಲ್ಲಿಯೋ ಕೂರಿಸಿ, ಕೈ ತೊಳೆಸಿ. ಇಷ್ಟೇ ಸಾಕು.

ಎತ್ತರದ ಊಟದ ಕುರ್ಚಿ ಮನೆಯಲ್ಲಿದ್ದರೆ ಬಳಸಿ, ಆದರೆ ಪಾದಕ್ಕೆ ಆಸರೆಯಿಲ್ಲದೆ ಕಾಲು ಜೋತಾಡುವ ಕುರ್ಚಿಯಲ್ಲಿ ಮಗು ಹತ್ತು ನಿಮಿಷವೂ ನೆಮ್ಮದಿಯಾಗಿ ಕೂರುವುದಿಲ್ಲ. ನನ್ನ ಮಟ್ಟಿಗೆ ನೆಲವೇ ಉತ್ತಮ: ಮಗು ಬೀಳುವ ಭಯವಿಲ್ಲ, ಮನೆಯವರೂ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂರಬಹುದು. ಅಡಿಯಲ್ಲಿ ರಬ್ಬರ್ ಹೀರುಬಟ್ಟಲು ಇರುವ, ನೆಲಕ್ಕೆ ಅಂಟಿಕೊಳ್ಳುತ್ತದೆ ಎಂದು ಮಾರುವ ತಟ್ಟೆಗಳು ನುಣುಪಾದ ಟೈಲ್ಸ್ ಮೇಲೆ ಅಷ್ಟಿಷ್ಟು ನಿಲ್ಲುತ್ತವೆ. ಗಾರೆ ನೆಲದ ಮೇಲಾಗಲಿ, ಹಾಸಿದ ಬಟ್ಟೆಯ ಮೇಲಾಗಲಿ ನಿಲ್ಲುವುದಿಲ್ಲ. ಒಂದು ಅಂಗುಲ ಎತ್ತರದ ನೇರ ಅಂಚಿರುವ, ಕೈಗೆ ಭಾರವೆನಿಸುವ ಸ್ಟೀಲ್ ತಟ್ಟೆಯನ್ನೇ ಆರಿಸಿಕೊಳ್ಳಿ. ಮಗು ಅನ್ನವನ್ನು ತಳ್ಳಿದಾಗ ಆ ಅಂಚು ಅದನ್ನು ತಡೆದು ಬೆರಳೊಳಗೆ ಸೇರಿಸುತ್ತದೆ. ಚಪ್ಪಟೆ ತಟ್ಟೆಯಲ್ಲಿ ಅನ್ನ ಹೊರಗೆ ಜಾರುತ್ತದೆ.

ಮೂರನೆಯ ಹಂತ: ಕಲಸುವ ಹದ

ಹೆಚ್ಚಿನವರು ಸೋಲುವುದು ಇಲ್ಲಿ. ನೀರಾದ ಸಾರನ್ನ ಬಡಿಸಿ ‘ಇದಕ್ಕೆ ಕೈಯಲ್ಲಿ ತಿನ್ನಲು ಬರುವುದಿಲ್ಲ’ ಎಂದು ತೀರ್ಮಾನಿಸುತ್ತಾರೆ. ದೊಡ್ಡವರ ಸಾರನ್ನವನ್ನು ಮಗುವಿನ ಪುಟ್ಟ ಬೆರಳುಗಳು ಎತ್ತಲಾರವು. ಅಕ್ಕಿ ಒಂದು ಪಾಲಿಗೆ ನೀರು ನಾಲ್ಕು ಪಾಲು ಹಾಕಿ ಅನ್ನವನ್ನು ಮೆತ್ತಗೆ ಬೇಯಿಸಿ. ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಅರೆಬರೆ ಕಿವುಚಿ, ಅದಕ್ಕೆ ಸಾರಿನ ಬದಲು ಗಟ್ಟಿ ತೊವ್ವೆಯನ್ನೂ ಅರ್ಧ ಚಮಚ ತುಪ್ಪವನ್ನೂ ಸೇರಿಸಿ ಕಲಸಿ. ಹದ ನೋಡಲು ಸ್ವಲ್ಪ ತೆಗೆದು ಅಂಗೈಯಲ್ಲಿ ಒತ್ತಿ ಬಿಡಿ: ಉಂಡೆ ಬಿಚ್ಚಿಕೊಳ್ಳಬಾರದು, ಬೆರಳಿನ ಮಧ್ಯದಿಂದ ನೀರೂ ಒಸರಬಾರದು. ಆರಿದಾಗ ಅನ್ನ ಇನ್ನಷ್ಟು ಗಟ್ಟಿಯಾಗುವುದರಿಂದ ಕಲಸುವಾಗ ಒಂದು ಎಳೆ ಸಡಿಲವಾಗಿಯೇ ಇರಲಿ. ಉಗುರುಬೆಚ್ಚಗಾದ ಮೇಲೆ ತಟ್ಟೆಯಲ್ಲಿ ನಾಲ್ಕೈದು ಚಿಕ್ಕ ಉಂಡೆಗಳನ್ನು ಮಾಡಿ, ಪ್ರತಿಯೊಂದನ್ನೂ ಬೆರಳಿನಿಂದ ಅದುಮಿ ಚಪ್ಪಟೆ ಮಾಡಿ ಇಡಿ. ತಟ್ಟೆ ತುಂಬ ಬಡಿಸಬೇಡಿ. ರಾಶಿ ಕಂಡರೆ ಮಗು ಅದರಲ್ಲಿ ಆಡುತ್ತದೆ, ನಾಲ್ಕು ಉಂಡೆ ಕಂಡರೆ ಎತ್ತಿ ಬಾಯಿಗಿಡುತ್ತದೆ.

ತೊವ್ವೆಯನ್ನದ ಜೊತೆಗೆ ಬೇಯಿಸಿದ ಕ್ಯಾರೆಟ್, ಕುಂಬಳಕಾಯಿ, ಬೀನ್ಸ್ ತುಂಡುಗಳನ್ನು ಬೆರಳುದ್ದಕ್ಕೆ ಹೆಚ್ಚಿ ಇಡಿ. ಎರಡು ಬೆರಳಿನ ನಡುವೆ ಒತ್ತಿದರೆ ಸಲೀಸಾಗಿ ನುಗ್ಗಾಗುವಷ್ಟು ಅವು ಬೆಂದಿರಬೇಕು. ಇಡ್ಲಿ, ಮೆತ್ತನೆಯ ದೋಸೆ, ಏಲಕ್ಕಿ ಬಾಳೆಹಣ್ಣು, ಹೆಸರುಬೇಳೆ ಹುಗ್ಗಿ ಎಲ್ಲವೂ ಕೈಯೂಟಕ್ಕೆ ಒದಗುತ್ತವೆ. ರಾಗಿಮುದ್ದೆಯನ್ನು ದೊಡ್ಡವರು ಜಗಿಯದೆ ನುಂಗುವುದರಿಂದ ಮಗುವಿಗೆ ಕೊಡಬಾರದೆಂದು ಕೆಲವರು ಹೇಳುತ್ತಾರೆ. ಬಟಾಣಿ ಗಾತ್ರದ ತುಣುಕುಗಳನ್ನು ಬಸ್ಸಾರಿನ ತಿಳಿಯಲ್ಲಿ ಚೆನ್ನಾಗಿ ನೆನೆಸಿ ಮೆತ್ತಗೆ ಮಾಡಿ, ಒಂದೊಂದಾಗಿ ಕೊಟ್ಟರೆ ತೊಂದರೆಯಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಾಗ ಅದನ್ನು ಮಗುವಿನ ತಟ್ಟೆಯಿಂದ ದೂರವಿಡುವುದು ಸರಿಯಲ್ಲ.

ಮಿಕ್ಸಿಯ ಬಗ್ಗೆ ಒಂದು ಮಾತು. ಒಂದು ವರ್ಷದ ಮೇಲೂ ಎಲ್ಲವನ್ನೂ ನುಣ್ಣಗೆ ರುಬ್ಬಿ ಕೊಡುವ ಮನೆಗಳಿವೆ. ಅಂಥ ಮಗು ಜಗಿಯುವುದನ್ನೇ ಕಲಿಯದೆ, ಮುಂದೆ ಒಂದು ಅಗುಳು ಸಿಕ್ಕಿದರೂ ಓಕರಿಸುತ್ತದೆ. ಇಂದಿನಿಂದಲೇ ರುಬ್ಬುವುದನ್ನು ನಿಲ್ಲಿಸಿ, ಕಿವುಚಿ ಕೊಡಿ.

ನಾಲ್ಕನೆಯ ಹಂತ: ತಟ್ಟೆಯಿಂದ ಬಾಯಿಗೆ

ಮಗು ಮೊದಲು ಅನ್ನವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಮುಷ್ಟಿಯನ್ನು ಬಾಯಿಗೆ ತಂದ ಮೇಲೆ ಅದನ್ನು ಎಲ್ಲಿ, ಯಾವಾಗ ಬಿಡಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಅಂಗೈಯನ್ನು ಗಲ್ಲಕ್ಕೆ ಒತ್ತುತ್ತದೆ. ಸ್ವಲ್ಪ ಅನ್ನ ಬಾಯಿಗೆ, ಸ್ವಲ್ಪ ಗದ್ದಕ್ಕೆ, ಉಳಿದದ್ದು ಮಡಿಲಿಗೆ ಬೀಳುತ್ತದೆ. ಈ ಹೊತ್ತಿನಲ್ಲಿ ನೀವು ಕೈ ಹಾಕಬಾರದು. ಗದ್ದ ಒರೆಸುವುದು, ಬಿದ್ದ ಅಗುಳನ್ನು ಹೆಕ್ಕಿ ಬಾಯಿಗಿಡುವುದು, ‘ಹಾಗಲ್ಲ, ಹೀಗೆ’ ಎಂದು ಅದರ ಮಣಿಕಟ್ಟು ಹಿಡಿದು ತಿರುಗಿಸುವುದು, ಈ ಮೂರೂ ಮಗುವಿನ ಗಮನವನ್ನು ಊಟದಿಂದ ಕದಲಿಸುತ್ತವೆ. ಅದರಲ್ಲೂ ಪ್ರತಿ ತುತ್ತಿಗೂ ಒದ್ದೆ ಬಟ್ಟೆಯಿಂದ ಮುಖ ಒರೆಸಿಸಿಕೊಂಡ ಮಗು ಕೆಲವೇ ದಿನಗಳಲ್ಲಿ ಊಟವೆಂದರೆ ಮುಖ ಸಿಂಡರಿಸುತ್ತದೆ. ಒರೆಸುವುದೆಲ್ಲವೂ ಕೊನೆಯಲ್ಲಿ, ಒಂದೇ ಸಲ.

ಮಾಡಬೇಕಾದದ್ದು ಇಷ್ಟು: ಎದುರಿಗೆ ಕೂತು ನೀವೂ ಅದೇ ಅನ್ನವನ್ನು ಉಣ್ಣಿ. ಐದು ಬೆರಳನ್ನು ಕೂಡಿಸಿ ತುತ್ತು ಹಿಡಿದು, ಹೆಬ್ಬೆರಳಿನಿಂದ ಅದನ್ನು ಬಾಯೊಳಗೆ ತಳ್ಳುವ ನಿಮ್ಮ ಕೈಯ ಚಲನೆ ಮಗುವಿಗೆ ನಿಧಾನವಾಗಿ, ಸ್ಪಷ್ಟವಾಗಿ ಕಾಣಲಿ. ಕೆಲವು ವಾರಗಳಲ್ಲಿ ಅಂಗೈ ಬಿಟ್ಟು ಬೆರಳ ತುದಿಗಳು ಕೆಲಸಕ್ಕೆ ಬರುತ್ತವೆ. ಹೆಬ್ಬೆರಳಿನಿಂದ ತಳ್ಳುವುದು ಕೊನೆಯಲ್ಲಿ ಬರುವ ವಿದ್ಯೆ. ಅಷ್ಟರವರೆಗೆ ಹೊಟ್ಟೆ ತುಂಬಲಿಲ್ಲವೆಂಬ ಚಿಂತೆ ಬೇಡ. ದಿನದ ಒಂದು ಊಟವನ್ನು, ಮಧ್ಯಾಹ್ನದ್ದಾದರೆ ಒಳ್ಳೆಯದು, ಕೈಯೂಟಕ್ಕೆ ಮೀಸಲಿಟ್ಟು ಉಳಿದವನ್ನು ನೀವೇ ಉಣ್ಣಿಸಿ. ಒಂದು ವರ್ಷದಿಂದ ಎರಡು ವರ್ಷದವರೆಗಿನ ಮಗುವಿಗೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ತಿಂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಒಂದು ಊಟ ಕಡಿಮೆಯಾದರೆ ಮುಂದಿನದರಲ್ಲಿ ಮಗು ತಾನೇ ತುಂಬಿಕೊಳ್ಳುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೆಳಗಿನ ಗಡಿಬಿಡಿಯಲ್ಲಿ ಇದನ್ನು ಆರಂಭಿಸಬೇಡಿ, ಭಾನುವಾರ ಆರಂಭಿಸಿ.

ಚಮಚ ಕೇಳುವ ಮಗುವಿಗೆ ಚಮಚ ಕೊಡಿ, ಆದರೆ ಎರಡು ಚಮಚ ಇಟ್ಟುಕೊಳ್ಳಿ: ಒಂದು ಅದರ ಕೈಯಲ್ಲಿ ಇರಲಿ, ಇನ್ನೊಂದಕ್ಕೆ ನೀವು ಮೊಸರನ್ನ ತುಂಬಿ ಬದಲಿಸಿ ಕೊಡುತ್ತಿರಿ. ಬಾಯಿ ತಲುಪುವ ಮೊದಲೇ ಚಮಚ ಮಗುಚಿಕೊಳ್ಳುವುದು ಮಣಿಕಟ್ಟು ಇನ್ನೂ ಪಳಗದಿರುವುದರಿಂದ. ಆದ್ದರಿಂದ ಅಂಟುವ ಆಹಾರವನ್ನೇ ತುಂಬಿ.

ಇನ್ನು ಎಸೆಯುವುದು. ಮಗು ಉಂಡೆಯನ್ನು ತಟ್ಟೆಯಾಚೆ ಎಸೆದು ನಿಮ್ಮ ಮುಖ ನೋಡುತ್ತದೆ. ನಗಬೇಡಿ, ಗದರಬೇಡಿ, ಎರಡೂ ಅದಕ್ಕೆ ಆಟವೇ. ‘ಸಾಕಾ ಕಂದಾ?’ ಎಂದು ಒಮ್ಮೆ ಕೇಳಿ. ಮತ್ತೆ ಎಸೆದರೆ ‘ಸರಿ, ಸಾಕು’ ಎಂದು ಶಾಂತವಾಗಿ ತಟ್ಟೆ ತೆಗೆದುಬಿಡಿ. ಬಾಯಿ ಬಿಗಿಹಿಡಿಯುವುದು, ತಲೆ ಪಕ್ಕಕ್ಕೆ ತಿರುಗಿಸುವುದು, ಬೆನ್ನು ಹಿಂದಕ್ಕೆ ಬಾಗಿಸುವುದು ಎಲ್ಲವೂ ‘ಸಾಕು’ ಎಂಬುದರ ಸೂಚನೆಗಳೇ. ಆಮೇಲೂ ‘ಇದು ಅಜ್ಜಿಯ ತುತ್ತು, ಇದು ಮಾವನ ತುತ್ತು’ ಎಂದು ಹಟ ಹಿಡಿದು ತುರುಕಿದ ತುತ್ತು ವಾಂತಿಯಾಗಿ ಹೊರಬರುವುದೂ ಉಂಟು. ಅರ್ಧ ಗಂಟೆ ಮೀರಿದ ಊಟವನ್ನು ಅಲ್ಲಿಗೇ ಮುಗಿಸಿ. ಹೊಸ ತರಕಾರಿಯನ್ನು ಮೊದಲ ಸಲ ಉಗಿದರೆ ಅದನ್ನು ಪಟ್ಟಿಯಿಂದ ತೆಗೆಯಬೇಡಿ. ಹತ್ತಾರು ಸಲ ತಟ್ಟೆಯಲ್ಲಿ ಕಂಡ ಮೇಲೆ ಒಂದು ದಿನ ಅದನ್ನೇ ತಿನ್ನುವ ಮಕ್ಕಳು ಬಹಳ.

ಮೊಬೈಲ್ ತೋರಿಸಿ ಉಣ್ಣಿಸುವುದು ಸುಲಭದ ದಾರಿಯೆಂದು ಕಾಣುತ್ತದೆ. ಆದರೆ ಪರದೆ ನೋಡುತ್ತ ಉಂಡ ಮಗುವಿಗೆ ಹೊಟ್ಟೆ ತುಂಬಿದ್ದೂ, ಬಾಯಲ್ಲಿ ಏನಿದೆ ಎಂಬುದೂ ಗಮನಕ್ಕೆ ಬರುವುದಿಲ್ಲ. ಕೈಯೂಟವಂತೂ ಆ ಮಗುವಿಗೆ ಬರುವುದೇ ಇಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ಭಾರತೀಯ ಮಕ್ಕಳ ತಜ್ಞರ ಸಂಘವೂ ಹೇಳಿದೆ. ರೂಢಿಯಾಗಿಬಿಟ್ಟಿದ್ದರೆ ಒಂದೇ ಸಲಕ್ಕೆ ಪೂರ್ತಿ ನಿಲ್ಲಿಸಿ; ಎರಡು ಮೂರು ದಿನ ಅಳು, ಅರೆಹೊಟ್ಟೆ ಇದ್ದೇ ಇರುತ್ತದೆ. ದಿನಕ್ಕೆ ಐದೈದು ನಿಮಿಷ ಕಡಿಮೆ ಮಾಡುತ್ತ ಹೋಗುವ ಉಪಾಯ ಫಲಿಸಿದ್ದನ್ನು ನಾನು ಕಂಡಿಲ್ಲ.

ಗಂಟಲಿಗೆ ಸಿಕ್ಕಿಕೊಂಡಾಗ

ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಪಾಪ್‌ಕಾರ್ನ್ ಇವುಗಳನ್ನು ಐದು ವರ್ಷದವರೆಗೆ ಕೊಡಲೇಬಾರದು. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳು ಮಾಡಿ, ಕಡಲೆಕಾಯಿ ಬೀಜವನ್ನು ಪುಡಿ ಮಾಡಿ ಕೊಡಿ. ಓಡಾಡುತ್ತ, ಮಲಗಿಕೊಂಡು, ನಗಿಸಿಕೊಂಡು ತಿನ್ನುವುದು ಅಪಾಯ. ಮಗು ಓಕರಿಸುತ್ತ, ಸದ್ದು ಮಾಡುತ್ತ ಕೆಮ್ಮುತ್ತಿದ್ದರೆ ಗಾಬರಿಯಿಂದ ಬಾಯಿಗೆ ಬೆರಳು ಹಾಕಬೇಡಿ, ಅದೇ ಹೊರಹಾಕುತ್ತದೆ. ಸದ್ದೇ ಇಲ್ಲದೆ, ಕೆಮ್ಮಲಾಗದೆ, ತುಟಿ ನೀಲಿಗಟ್ಟಿದರೆ ಅದು ಉಸಿರುಕಟ್ಟಿದ ಲಕ್ಷಣ. ಒಂದು ವರ್ಷ ಮೇಲ್ಪಟ್ಟ ಮಗುವನ್ನು ಮುಂದಕ್ಕೆ ಬಾಗಿಸಿ ಭುಜದ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದರ ನಂತರ ಒಂದು ಮುಂದುವರಿಸಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ಮನೆಯಲ್ಲಿ ಮಗುವಿಗೆ ಉಣ್ಣಿಸುವ ಪ್ರತಿಯೊಬ್ಬರೂ, ಕೆಲಸಕ್ಕೆ ಬರುವ ಸಹಾಯಕಿಯೂ ಸೇರಿ, ಇದನ್ನು ಮಕ್ಕಳ ವೈದ್ಯರ ಬಳಿ ಒಮ್ಮೆ ಮಾಡಿಸಿ ನೋಡಿಕೊಂಡಿರಬೇಕು.

ಐದನೆಯ ಹಂತ: ಶುಚಿ

ಮೊದಲು ಮಗುವಿನ ಕೈಬಾಯಿ ತೊಳೆಸಿ, ಆಮೇಲೆ ಹಾಸಿದ ಬಟ್ಟೆಯನ್ನು ನಾಲ್ಕು ಮೂಲೆ ಹಿಡಿದು ಎತ್ತಿ ಹೊರಗೆ ಕೊಡವಿ. ನೆಲಕ್ಕೆ ಅಂಟಿದ ಅನ್ನವನ್ನು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಮತ್ತಷ್ಟು ಸವರಿಕೊಳ್ಳುತ್ತದೆ. ಒಣಗಲು ಬಿಟ್ಟರೆ ಪೊರಕೆಗೇ ಬರುತ್ತದೆ. ಇರುವೆ ಕಾಟವಿರುವ ಮನೆಯವರು ಮಾತ್ರ ದೋಸೆ ಮಗುಚುವ ಚಪ್ಪಟೆ ಸಟ್ಟುಗದಿಂದ ಆಗಲೇ ಕೆರೆದು ತೆಗೆಯಿರಿ.

ತೂಕ

ಮಗು ಎಷ್ಟು ಉಂಡಿತು ಎಂಬ ಲೆಕ್ಕವನ್ನು ತುತ್ತುಗಳಿಂದ ಇಡಬೇಡಿ, ತೂಕದಿಂದ ಇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿಸಿ. ಗೆರೆ ಮೇಲಕ್ಕೆ ಸಾಗುತ್ತಿರುವವರೆಗೆ, ಯಾವುದೋ ಒಂದು ದಿನ ಎರಡೇ ತುತ್ತು ಉಂಡರೂ ಚಿಂತೆಯಿಲ್ಲ ಎಂದು ಮನೆಯ ಹಿರಿಯರಿಗೆ ಆ ನಕ್ಷೆಯನ್ನೇ ತೋರಿಸಿ ವಿವರಿಸಿ. ಗೆರೆ ಎರಡು ಮೂರು ತಿಂಗಳು ಮಲಗಿದ್ದರೆ, ತೂಕ ಇಳಿಯುತ್ತಿದ್ದರೆ, ಪ್ರತಿ ಊಟಕ್ಕೂ ಕೆಮ್ಮು ಬರುತ್ತಿದ್ದರೆ, ಅಥವಾ ಒಂದೂವರೆ ವರ್ಷವಾದರೂ ಮೆತ್ತನೆಯ ಅನ್ನದ ಅಗುಳನ್ನು ಕೂಡ ನುಂಗಲಾರದೆ ಉಗಿಯುತ್ತಿದ್ದರೆ ಹಸಿವಿನ ಟಾನಿಕ್‌ಗಾಗಿ ಔಷಧಿ ಅಂಗಡಿಗೆ ಹೋಗದೆ, ತಾಯಿ ಕಾರ್ಡ್ ತೆಗೆದುಕೊಂಡು ಮಕ್ಕಳ ವೈದ್ಯರ ಬಳಿಗೆ ಹೋಗಿ.