ಚಿಕ್ಕ ಮಕ್ಕಳ ಜೊತೆ ವಂಡರ್‌ಲಾ: ಅಳತೆ ಟೇಪಿನಿಂದ ಶುರು ಮಾಡಿ

ಬೆಂಗಳೂರಿನ ಹತ್ತಿರ ಇರುವ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೊರಡುವ ಹಿಂದಿನ ರಾತ್ರಿ ನಮ್ಮನೆಯಲ್ಲಿ ಅಳತೆ ಟೇಪಿನ ಹುಡುಕಾಟ ನಡೆಯುತ್ತದೆ. ಅಡುಗೆಮನೆ ಬಾಗಿಲ ಚೌಕಟ್ಟಿಗೆ ಇಬ್ಬರನ್ನೂ ಬರಿಗಾಲಲ್ಲಿ ನಿಲ್ಲಿಸುತ್ತೇನೆ. ತಲೆ ಮೇಲೆ ಪಂಚಾಂಗ ಇಟ್ಟು, ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆಯುತ್ತೇನೆ. ಹೋದ ಸಲ ದೊಡ್ಡವಳು 114 ಸೆಂಟಿಮೀಟರ್, ಚಿಕ್ಕವನು 93. ಅವಳಿಗೆ ಆರು ವರ್ಷ, ಇವನಿಗೆ ಮೂರು. ಆದರೆ ಟಿಕೆಟ್ ವಿಷಯದಲ್ಲಿ ಮಕ್ಕಳ ವಯಸ್ಸು ಲೆಕ್ಕಕ್ಕಿಲ್ಲ. 85 ಸೆಂಟಿಮೀಟರ್‌ಗಿಂತ ಕುಳ್ಳಗಿದ್ದರೆ ಟಿಕೆಟ್ ಬೇಡ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಅದು ದಾಟಿದರೆ ದೊಡ್ಡವರದು.

ಒಳಗೂ ಅದೇ ಟೇಪಿನ ದರ್ಬಾರು. ಪ್ರತಿ ರೈಡಿಗೂ ಅದರದ್ದೇ ಎತ್ತರದ ಲೆಕ್ಕ. ಮೊದಲ ಸಲ ಇದು ಗೊತ್ತಿಲ್ಲದೆ ಮಗಳಿಗೆ ಬಾಯಿತುಂಬ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿದ್ದೆ. ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತು, ಗೆರೆ ಹತ್ತಿರ ಬಂದ ಮೇಲೆ ವಾಪಸ್ ಕಳಿಸಿದರು. ಅವಳು ಅತ್ತಿದ್ದು ಮುಂದಿನ ಮೂರು ರೈಡಿಗೂ ಕೇಳಿಸಿರಬೇಕು. ತಪ್ಪು ನನ್ನದೇ. ಈಗ ಮನೆಯಲ್ಲೇ ಅವಳಿಗೆ ಗೀಟು ತೋರಿಸಿ ಹೇಳುತ್ತೇನೆ: ರಿಕಾಯಿಲ್ ರೋಲರ್ ಕೋಸ್ಟರ್ ಹತ್ತಬೇಕಾದರೆ ಈ ಗೀಟು ಸ್ವಿಚ್ ಬೋರ್ಡಿನ ಹತ್ತಿರ ಬರಬೇಕು, ಇನ್ನೂ ನಾಲ್ಕೈದು ವರ್ಷ ಚೆನ್ನಾಗಿ ಊಟ ಮಾಡು. ಇದರಿಂದ ಸೊಪ್ಪಿನ ಪಲ್ಯವೂ ಖಾಲಿಯಾಗುತ್ತದೆ.

ಈ ವಂಡರ್‌ಲಾ ಶುರುವಾದದ್ದು 2005ರಲ್ಲಿ. ನಾನು ಆಗ ಕಾಲೇಜಿನಲ್ಲಿದ್ದೆ. ಗೇಟು ತೆಗೆಯೋ ಮುಂಚೆ ಹೋಗಿ, ಮುಚ್ಚೋ ತನಕ ಇದ್ದು, ಯಾರು ಎಷ್ಟು ರೈಡ್ ಹತ್ತಿದರು ಅಂತ ಬಸ್ಸಲ್ಲಿ ಎಣಿಸುತ್ತಿದ್ದೆವು. ಮಕ್ಕಳ ಜೊತೆ ಹೋಗುವಾಗ ಆ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಹೋಗಿ. ಟಿಕೆಟ್ ದುಡ್ಡು ವಸೂಲಿ ಮಾಡಬೇಕು ಅಂತ ಹೊರಟರೆ ಮೂರು ಗಂಟೆಗೆ ಮಕ್ಕಳು ರಚ್ಚೆ ಹಿಡಿಯುತ್ತಾರೆ, ಮೂರೂವರೆಗೆ ಗಂಡ ಹೆಂಡತಿ ಮಾತು ಬಿಡುತ್ತಾರೆ. ನಮ್ಮದು ಈಗ ಐದು ಗಂಟೆಯ ಲೆಕ್ಕ. ಹನ್ನೊಂದಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ.

ಯಾವ ದಿನ ಹೋಗಬೇಕು? ಶನಿವಾರ, ಭಾನುವಾರ ಸುಮ್ನೆ ತಲೆನೋವು. ನವೆಂಬರಿನಿಂದ ಜನವರಿವರೆಗೆ ವಾರದ ದಿನಗಳೂ ಅಷ್ಟೇ, ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬಂದಿರುತ್ತವೆ. ಏಪ್ರಿಲ್‌ನಲ್ಲಿ ರಜೆಯ ಜನ, ಜೊತೆಗೆ ಬಿಸಿಲು. ನನಗೆ ಒಗ್ಗಿದ್ದು ಜೂನ್ ಕೊನೆ, ಜುಲೈನ ಒಂದು ಮಂಗಳವಾರ. ಶಾಲೆಗೆ ಒಂದು ದಿನ ಚಕ್ಕರ್. ಒಂದನೇ ಕ್ಲಾಸಿನಲ್ಲಿ ತಪ್ಪಿಹೋಗುವ ಪಾಠ ಯಾವ ಮಹಾ, ಅಲ್ವಾ? ಮಳೆ ಬಂದರೂ ಹೇಗೂ ನೆನೆಯುವುದಕ್ಕೇ ಹೋಗಿರುತ್ತೀರಿ. ಟಿಕೆಟ್ ದರ, ತೆರೆಯುವ ಸಮಯ ದಿನದಿಂದ ದಿನಕ್ಕೆ ಬದಲಾಗುತ್ತದೆ, ಬುಕ್ ಮಾಡುವಾಗ ಆ ದಿನದ್ದನ್ನೇ ನೋಡಿಕೊಳ್ಳಿ.

ದಾರಿ ಸುಲಭ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್. ಕಾರಿನವರು ಎಕ್ಸ್‌ಪ್ರೆಸ್‌ವೇ ಹಿಡಿದರೆ ಸರಿಯಾದ ಕಡೆ ಸರ್ವೀಸ್ ರಸ್ತೆಗೆ ಇಳಿಯುವುದನ್ನು ಮರೆಯಬೇಡಿ, ಮಾತಾಡ್ತಾ ಮುಂದೆ ಹೋದರೆ ದೊಡ್ಡ ಸುತ್ತು. ಬೈಕಿಗೂ ಆಟೋಗೂ ಎಕ್ಸ್‌ಪ್ರೆಸ್‌ವೇನ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಮೆಟ್ರೋ ನೇರಳೆ ಮಾರ್ಗ ಚಲ್ಲಘಟ್ಟಕ್ಕೆ ಮುಗಿಯುತ್ತದೆ, ಅಲ್ಲಿಂದ ಬಸ್ಸೋ ಕ್ಯಾಬೋ ನೋಡಬೇಕು. ಹೋಗುವಾಗ ಬಸ್ಸು ಪರವಾಗಿಲ್ಲ. ಬರುವಾಗ ಮಲಗಿದ ಮಗು ಹೆಗಲ ಮೇಲೆ, ಒದ್ದೆ ಬಟ್ಟೆ ಕೈಯಲ್ಲಿ. ಆಗ ಕ್ಯಾಬಿಗೆ ಕೊಟ್ಟ ದುಡ್ಡು ಜಾಸ್ತಿ ಅನ್ನಿಸುವುದಿಲ್ಲ.

ತಿಂಡಿ ಮಾತ್ರ ಬಿಡದಿಯಲ್ಲೇ. ವಂಡರ್‌ಲಾ ಬಿಡದಿಗಿಂತ ಮುಂಚೆಯೇ ಸಿಗುತ್ತದೆ, ಆದರೂ ನಾವು ಮುಂದೆ ಹೋಗಿ, ತಟ್ಟೆ ಇಡ್ಲಿ ತಿಂದು, ವಾಪಸ್ ಬರುತ್ತೇವೆ. ಗಂಡ ಇದನ್ನು ಪೆಟ್ರೋಲ್ ದಂಡ ಅನ್ನುತ್ತಾರೆ, ಬೆಣ್ಣೆ ಹಾಕಿದ ಎರಡನೇ ಇಡ್ಲಿ ತಿನ್ನುತ್ತಾ. ನನ್ನ ಲೆಕ್ಕ ಬೇರೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಎಳೆಕೂಸಿನ ಆಹಾರ ಬಿಟ್ಟು. ಹತ್ತು ಗಂಟೆಗೆ ಹೊಟ್ಟೆ ಗಟ್ಟಿಯಾದರೆ ಹನ್ನೆರಡೂವರೆವರೆಗೆ ಚಿಂತೆಯಿಲ್ಲ. ಊಟಕ್ಕೂ ಹನ್ನೆರಡೂವರೆಗೇ ಕೂರಿ. ಒಂದೂವರೆಗೆ ಇಡೀ ಪಾರ್ಕಿಗೇ ಹಸಿವಾಗುತ್ತದೆ.

ಇನ್ನು ಬಟ್ಟೆ. ನೀರಿನ ಆಟಕ್ಕೆ ನೈಲಾನ್, ಪಾಲಿಯೆಸ್ಟರ್ ಥರದ್ದೇ ಬೇಕು. ಹತ್ತಿ ಬಟ್ಟೆ, ಸೀರೆ, ದುಪಟ್ಟಾ ನಡೆಯುವುದಿಲ್ಲ. ಮಕ್ಕಳಿಗೆ ತುಂಬು ತೋಳಿನದ್ದು ತೊಗೊಳ್ಳಿ, ಬಿಸಿಲಿಗೂ ಒಳ್ಳೆಯದು, ಚಳಿಗೂ ಒಳ್ಳೆಯದು. ಬಣ್ಣ ಕಣ್ಣಿಗೆ ಹೊಡೆಯುವಂತಿರಲಿ. ನೀಲಿ ಬೇಡವೇ ಬೇಡ, ಅಲ್ಲಿ ನೀರು, ಕೊಳ, ಜಾರುಬಂಡೆ ಎಲ್ಲ ನೀಲಿಯೇ. ನಮ್ಮವರಿಬ್ಬರದೂ ಗಿಳಿಹಸಿರು.

ಬಟ್ಟೆಯ ವಿಷಯಕ್ಕೆ ಅತ್ತೆಯ ಕಥೆ ಹೇಳಲೇಬೇಕು. ಒಂದು ಸಲ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಅರವತ್ತು ದಾಟಿದವರಿಗೆ ರಿಯಾಯಿತಿ ಟಿಕೆಟ್ ಇದೆ. ನನ್ನ ಒಳಗಿನ ಲೆಕ್ಕಾಚಾರ ಏನಂದರೆ, ಅವರು ಸೀರೆ ಉಟ್ಟುಕೊಂಡು ಬ್ಯಾಗು ಕಾಯುತ್ತಾರೆ, ನಾವು ಆಡಬಹುದು. ಅರ್ಧ ಗಂಟೆ ಕಾದರು. ಆಮೇಲೆ "ನಾನೇನು ಬ್ಯಾಗ್ ಕಾಯೋಕೆ ಟಿಕೆಟ್ ತೊಗೊಂಡ್ನಾ?" ಅಂದರು. ಅಲ್ಲೇ ಅಂಗಡಿಯಲ್ಲಿ ಒಂದು ಪ್ಯಾಂಟು, ಒಂದು ಟೀ ಶರ್ಟು ತೊಗೊಂಡೆವು. ಜೀವಮಾನದಲ್ಲಿ ಅವರು ಪ್ಯಾಂಟು ಹಾಕಿದ್ದು ಅದೇ ಮೊದಲು. ಬಟ್ಟೆ ಬದಲಿಸಿ ಬಂದವರು ಎರಡೂ ಕೈಯಲ್ಲಿ ಟೀ ಶರ್ಟಿನ ಅಂಚು ಕೆಳಗೆ ಎಳೆದುಕೊಳ್ಳುತ್ತಾ ನಿಂತರು. ರೇನ್ ಡಿಸ್ಕೋದಲ್ಲಿ ಕತ್ತಲೆ, ಮೇಲಿಂದ ನೀರು, ಹಾಡು. ಎರಡನೇ ಹಾಡಿನ ಹೊತ್ತಿಗೆ ಅಂಚು ಬಿಟ್ಟಿದ್ದರು, ಕೈ ಮೇಲಿತ್ತು. ಅಂದಿನಿಂದ ಬ್ಯಾಗು ಲಾಕರಿನಲ್ಲೇ.

ಲಾಕರಿಗೆ ಹಾಕುವ ಮುಂಚೆ ಒಂದು ಕೆಲಸ ಮನೆಯಲ್ಲೇ ಮಾಡಿ. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಟವೆಲ್ ಮೇಲೆ, ಚಡ್ಡಿ ಅದರ ಕೆಳಗೆ, ಅಂಗಿ ಕೊನೆಗೆ. ಬಳಸುವ ಸಾಲಿನಲ್ಲೇ. ನಡುಗುವ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒದ್ದೆ ನೆಲದಲ್ಲಿ ನಿಂತು, ಒಂದೇ ಕೈಯಲ್ಲಿ ಬ್ಯಾಗಿನ ತಳದಿಂದ ಚಡ್ಡಿ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಡೈಪರ್ ಹಾಕುವ ಮಗುವಾದರೆ ಈಜಿಗೆಂದೇ ಬರುವ ಡೈಪರ್ ತನ್ನಿ. ಮಾಮೂಲಿಯದು ನೀರು ಕುಡಿದು ಎರಡೇ ನಿಮಿಷಕ್ಕೆ ಕುಂಬಳಕಾಯಿ ಆಗುತ್ತದೆ, ಒಡೆದರೆ ಒಳಗಿನ ಜೆಲ್ಲು ಸಾಬಕ್ಕಿ ಪಾಯಸದ ಹಾಗೆ ಹೊರಗೆ. ಇದನ್ನು ನಾನು ಇನ್ನೊಂದು ಕಡೆ, ತುಂಬು ಜನರ ಮುಂದೆ, ಕಲಿತೆ.

ಒಳಗೆ ಹೋದ ಮೇಲೆ ಮೊದಲು ಒಣ ಆಟಗಳು. ತಿರುಗುವ ಕುದುರೆ, ಕುಪ್ಪಳಿಸುವ ಕಪ್ಪೆ, ಪುಟಾಣಿ ದೋಣಿ. ಚಿಕ್ಕವನು ಕಪ್ಪೆಯನ್ನು ನಾಲ್ಕು ಸಲ ಹತ್ತಿದ. ಹತ್ತಲಿ ಬಿಡಿ. ಬೇರೆ ಆಟ ತೋರಿಸಲು ಎಳೆದಾಡಬೇಡಿ, ಅವನಿಗೆ ಕಪ್ಪೆಯೇ ಇಡೀ ಪಾರ್ಕು. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟಿಗೆ ಚಿಕ್ಕ ಮಕ್ಕಳಿರುವವರು ಜಾಸ್ತಿ ದುಡ್ಡು ಕೊಡುವುದು ದಂಡ ಅಂತ ನನ್ನ ಅನಿಸಿಕೆ. ಉದ್ದ ಸಾಲು ಇರುವುದು ನಿಮ್ಮ ಮಕ್ಕಳನ್ನು ಹತ್ತಿಸದ ರೈಡುಗಳಿಗೆ. ಅದರ ಆಸೆ ನಮಗೂ ಇರುತ್ತದೆ, ಹಾಗಾಗಿ ನಾವು ಸರದಿ ಮಾಡಿಕೊಳ್ಳುತ್ತೇವೆ. ಅವರು ರಿಕಾಯಿಲ್‌ಗೆ ಹೋದಾಗ ನಾನು ಕಪ್ಪೆ ಕಾಯುತ್ತೇನೆ, ಆಮೇಲೆ ಅವರು.

ಊಟ ಆಗಿ ಅರ್ಧ ಗಂಟೆ ನೆರಳಲ್ಲಿ ಕೂತು, ಆಮೇಲೆ ನೀರು. ಮಕ್ಕಳ ಕೊಳದಲ್ಲಿ ನೀರು ಮೊಣಕಾಲಿನಷ್ಟೇ ಇರಬಹುದು, ಆದರೂ ಒಬ್ಬ ದೊಡ್ಡವರು ಫೋನಿಲ್ಲದೆ, ಕೈಗೆಟಕುವ ದೂರದಲ್ಲಿ ಇರಲೇಬೇಕು. ಅಲೆಗಳ ಕೊಳದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬರುವ ಅಲೆಯನ್ನು ಎಲ್ಲರೂ ನೋಡುತ್ತಾರೆ. ಮಗುವನ್ನು ಬೀಳಿಸುವುದು ಹೆಚ್ಚಾಗಿ ವಾಪಸ್ ಹೋಗುವ ಅಲೆ, ಕಾಲಡಿಯ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಒದ್ದೆ ಬೆರಳು ಸೋಪಿನ ಹಾಗೆ ಜಾರುತ್ತವೆ. ಅದಕ್ಕೇ ಬೆರಳಾಗಲಿ ಅಂಗೈಯಾಗಲಿ ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ. ಮಗುವಿಗೂ ನಿಮ್ಮ ಮಣಿಕಟ್ಟು ಹಿಡಿಯಲು ಹೇಳಿಕೊಡಿ. ಮತ್ತೆ ಅಂಚಿನಲ್ಲೇ ಇರಿ, ಮಗುವಿನ ಮೊಣಕಾಲು ದಾಟಿದ ನೀರಿಗೆ ಹೋಗಬೇಡಿ.

ಅರ್ಧ ಗಂಟೆಗೊಮ್ಮೆ ತುಟಿ ನೋಡಿ. ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ, ಆದರೆ ಮಕ್ಕಳು ಚಳಿ ಅಂತ ಬಾಯಿ ಬಿಡುವುದಿಲ್ಲ. ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗಿದ್ದರೆ ಹೊರಗೆ ತನ್ನಿ, ಒರೆಸಿ, ಬಿಸಿ ಏನಾದರೂ ಕೊಡಿ. ಬೆಳಗ್ಗೆ ಹೊರಡುವಾಗ ಆ ದಿನದ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಊರ ಜಾತ್ರೆಯಲ್ಲಿ ಮಗಳು ನಾಲ್ಕು ನಿಮಿಷ ಕಾಣದಾದಾಗ, ಯಾವ ಬಣ್ಣದ ಫ್ರಾಕು ಅಂತ ಕೇಳಿದರೆ ನನಗೆ ಬಾಯೇ ಬರಲಿಲ್ಲ. ಈಗ ಫೋಟೋ ಇರುತ್ತದೆ, ಮಕ್ಕಳ ತೋಳಿನ ಮೇಲೆ ಮಾರ್ಕರಿನಲ್ಲಿ ಬರೆದ ಫೋನ್ ನಂಬರೂ ಇರುತ್ತದೆ. ನಂಬರು ನೀರಿನಲ್ಲಿರದವರದ್ದು. ಲಾಕರಿನಲ್ಲಿ ಬೀಗ ಹಾಕಿರುವ ಫೋನಿಗೆ ಕರೆ ಮಾಡಿ ಏನು ಪ್ರಯೋಜನ? ನಾವು ಮನೆಯಲ್ಲಿರುವ ಮಾವನ ನಂಬರು ಬರೆಯುತ್ತೇವೆ, ಗಂಟೆಗೊಮ್ಮೆ ಅವರಿಗೆ ಫೋನ್ ಮಾಡುತ್ತೇವೆ.

ಮೂರೂವರೆಗೆ "ಇನ್ನು ಎರಡು ಸಲ ಜಾರುಬಂಡೆ, ಆಮೇಲೆ ಬಟ್ಟೆ" ಅನ್ನಿ. ಗಡಿಯಾರ ಅವರಿಗೆ ಅರ್ಥವಾಗುವುದಿಲ್ಲ, ಎಣಿಕೆ ಅರ್ಥವಾಗುತ್ತದೆ. ಕೆಂಗೇರಿ ಬರುವಷ್ಟರಲ್ಲಿ ಇಬ್ಬರೂ ನಿದ್ದೆ.

ಮನೆಗೆ ಬಂದ ತಕ್ಷಣ ಒದ್ದೆ ಬಟ್ಟೆಯ ಕವರನ್ನು ಡಿಕ್ಕಿಯಿಂದ ತೆಗೆದು, ಬರಿ ನೀರಲ್ಲಾದರೂ ಹಿಂಡಿ ಹಾಕಿ. ಮಂಗಳವಾರ ಹೋಗಿ ಬಂದ ನಾವು ಅದನ್ನು ನೆನಪಿಸಿಕೊಂಡದ್ದು ಶನಿವಾರ, ತರಕಾರಿ ಇಡಲು ಡಿಕ್ಕಿ ತೆಗೆದಾಗ.