ಮನೋರೋಗಕ್ಕೆ ತಾಲ್ಲೂಕಿನಲ್ಲೇ ಚಿಕಿತ್ಸೆ: ಕೇಳಿ ಪಡೆಯುವುದು ಹೇಗೆ?

ಮಗ ರಾತ್ರಿಯಿಡೀ ನಿದ್ದೆಗೆಟ್ಟು ಒಬ್ಬನೇ ಮಾತಾಡುತ್ತಾನೆ. ಹರಕೆ ಹೊತ್ತದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಇನ್ನು ಬೆಂಗಳೂರಿನ ನಿಮ್ಹಾನ್ಸೇ ಗತಿ ಎಂದು ಮನೆಯವರು ಬಸ್ ಚಾರ್ಜಿಗೆ ದುಡ್ಡು ಹೊಂದಿಸತೊಡಗುತ್ತಾರೆ. ಸ್ವಲ್ಪ ತಾಳಿ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರ 18ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಗಾಗಿ ಯಾರೂ ದೂರದೂರಿಗೆ ಅಲೆಯಬೇಕಾದ ಸ್ಥಿತಿ ಇರಕೂಡದು. ಸೇವೆ ಮನೆಗೆ ಹತ್ತಿರವೇ ಸಿಗಬೇಕು. ಕಾಯ್ದೆ ಸಂಸತ್ತಿನದಾದರೂ ಆಸ್ಪತ್ರೆ, ವೈದ್ಯರು, ಔಷಧಿ ಒದಗಿಸುವ ಹೊಣೆ ಬಹುಪಾಲು ರಾಜ್ಯದ್ದು.

ಮೊದಲ ಕೆಲಸ, ದಿನ ಪತ್ತೆ ಹಚ್ಚುವುದು. ಕರ್ನಾಟಕದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ವಿಚಾರಿಸಿಕೊಂಡೇ ಹೊರಡಿ. ಅಷ್ಟು ದಿನ ಕಾಯಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದೆಲ್ಲದರ ಹಿಂದಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ತವರು. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಯೋಗ ಮಾಡಿ ನೋಡಿದ್ದನ್ನು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೂ ಒಯ್ಯಲಾಯಿತು. ಹಾಗಾಗಿ ‘ಇಂಥದ್ದೆಲ್ಲ ಇಲ್ಲಿ ಇಲ್ಲ ಕಣ್ರೀ’ ಎಂದು ಯಾರಾದರೂ ಅಂದರೆ ಒಪ್ಪಿಕೊಂಡು ವಾಪಸಾಗಬೇಡಿ.

ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ, ಖಾಲಿಯಾದ ಮಾತ್ರೆ ಪಟ್ಟಿಯನ್ನೂ ಸೇರಿಸಿ, ಒಂದು ಕವರಿನಲ್ಲಿಟ್ಟುಕೊಳ್ಳಿ. ನಿದ್ದೆ ಯಾವಾಗಿನಿಂದ ಕೆಟ್ಟಿತು, ಊಟ ಯಾವಾಗ ಬಿಟ್ಟರು, ಎಂದಾದರೂ ಸಾಯುವ ಮಾತಾಡಿದರೇ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಂಡು ಹೋಗಿ. ವೈದ್ಯರ ಎದುರು ಕೂತಾಗ ಅರ್ಧ ಮರೆತೇ ಹೋಗುತ್ತದೆ.

ಇನ್ನು ಮಾತ್ರೆ. ಅವಶ್ಯಕ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳನ್ನು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಕೊಡಬೇಕು. ಇದಕ್ಕೆ ಬಡವ–ಬಲ್ಲಿದ ಎಂಬ ಭೇದವಿಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಗಂತೂ ಸರ್ಕಾರಿ ಆಸ್ಪತ್ರೆಯಲ್ಲಿ ಇಡೀ ಚಿಕಿತ್ಸೆಯೇ ಉಚಿತ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ. ಆದರೆ ಇಲ್ಲೊಂದು ಸಣ್ಣ ಲೆಕ್ಕ ಎಷ್ಟೋ ಜನರ ಚಿಕಿತ್ಸೆ ಕೆಡಿಸುತ್ತದೆ. ವೈದ್ಯರು ತಿಂಗಳ ಎರಡನೇ ಮಂಗಳವಾರ ಬರುತ್ತಾರೆ ಎಂದುಕೊಳ್ಳಿ. ಒಂದು ಎರಡನೇ ಮಂಗಳವಾರದಿಂದ ಇನ್ನೊಂದಕ್ಕೆ ಒಮ್ಮೆ 28 ದಿನ, ಇನ್ನೊಮ್ಮೆ 35 ದಿನ. ಕೊಟ್ಟಿದ್ದು 30 ದಿನದ ಮಾತ್ರೆಯಾದರೆ ಕೊನೆಯ ಐದು ದಿನ ಡಬ್ಬಿ ಖಾಲಿ. ಅಷ್ಟರಲ್ಲಿ ನಿದ್ದೆ ಕೆಟ್ಟು, ಕಾಯಿಲೆ ಮರುಕಳಿಸಿ, ‘ಇಂಗ್ಲಿಷ್ ಮಾತ್ರೆ ನಮಗೆ ಆಗಿಬರಲಿಲ್ಲ’ ಎಂಬ ಮಾತು ಹುಟ್ಟುತ್ತದೆ. ಔಷಧಿ ಕೌಂಟರಿನಲ್ಲೇ ಕ್ಯಾಲೆಂಡರ್ ನೋಡಿ, ಮುಂದಿನ ಭೇಟಿಯವರೆಗೆ ಸಾಲುವಷ್ಟು ಕೇಳಿ.

ಚಿಕಿತ್ಸೆ ಶುರುವಾಗಿ ರೋಗಿಯ ಮನಸ್ಸು ತಿಳಿಯಾಗಿರುವಾಗ ಮಾಡಿಡಬೇಕಾದ ಕಾಗದವೊಂದಿದೆ. ಛಾಪಾ ಕಾಗದ ಬೇಡ, ನೋಟರಿ ಬೇಡ. ಬಿಳಿ ಹಾಳೆಯ ಮೇಲೆ ‘ನನ್ನ ಚಿಕಿತ್ಸೆಯ ವಿಷಯದಲ್ಲಿ ನನ್ನ ಅಕ್ಕ ಇಂಥವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಿದ್ದೇನೆ’ ಎಂದು ಬರೆದು ರೋಗಿಯೇ ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಈ ಪ್ರತಿನಿಧಿ ಎಂದರೆ ಚಿಕಿತ್ಸೆಯ ತೀರ್ಮಾನಗಳಲ್ಲಿ ರೋಗಿಗೆ ನೆರವಾಗುವವರು. ಅಕ್ಕನೂ ತನ್ನ ಒಪ್ಪಿಗೆಯನ್ನು ಬರೆದುಕೊಡಬೇಕು. ಅಪ್ರಾಪ್ತರನ್ನು ನೇಮಿಸುವಂತಿಲ್ಲ. ಮುಂದೆ ರೋಗಿಗೆ ಬೇಡವೆನಿಸಿದರೆ ಬದಲಿಸಬಹುದು. ಕಾಗದ ಇಲ್ಲದಿದ್ದರೆ ಸಂಬಂಧಿಕರು, ಅವರಿಲ್ಲದಿದ್ದರೆ ನೋಡಿಕೊಳ್ಳುವವರು ಆ ಜಾಗಕ್ಕೆ ಬರುತ್ತಾರೆ. ಸಂಬಂಧಿಕರೆಲ್ಲ ಒಂದೇ ಮಾತಿನವರಾಗಿರುವ ಮನೆ ಅಪರೂಪ. ಬರೆದಿಟ್ಟರೆ ಆಸ್ಪತ್ರೆಯ ಬಾಗಿಲಲ್ಲಿ ಜಗಳ ತಪ್ಪುತ್ತದೆ.

ಆಸ್ಪತ್ರೆಗೆ ಬರಲೊಲ್ಲದವರ ವಿಷಯ ಕಷ್ಟದ್ದೇ. ತಮಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ, ಇಲ್ಲವೇ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ತಮಗೇ ಹಾನಿಯಾಗುವಂತಿದ್ದರೆ, ಈ ಪ್ರತಿನಿಧಿ ಅರ್ಜಿ ಕೊಟ್ಟು ದಾಖಲಿಸಬಹುದು. ಅದಕ್ಕೆ ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಹೀಗೆ ದಾಖಲಾದವರನ್ನು ಹೆಚ್ಚೆಂದರೆ 30 ದಿನ ಇರಿಸಿಕೊಳ್ಳಬಹುದು; ಮುಂದುವರಿಸಲು ಬೇರೆಯದೇ ವಿಧಿ ಇದೆ. ಸರಪಳಿ ಹಾಕುವುದನ್ನು ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ. ‘ನಮ್ಮ ಹುಡುಗನ ಒಳ್ಳೆಯದಕ್ಕೇ’ ಎನ್ನುವ ಸಮಜಾಯಿಷಿ ಇಲ್ಲಿ ನಡೆಯದು.

ವೈದ್ಯರು ಬರಲಿಲ್ಲ, ಮಾತ್ರೆ ಇಲ್ಲ, ದಾಖಲೆ ಕೊಡುತ್ತಿಲ್ಲ ಎಂದಾದರೆ ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಬರೆಯಿರಿ. ಯಾವ ದಿನ ಹೋಗಿದ್ದಿರಿ, ಯಾವ ಔಷಧಿ ಸಿಗಲಿಲ್ಲ ಎಂಬುದಿರಲಿ. ಓಪಿ ಚೀಟಿಯ ಜೆರಾಕ್ಸ್ ಲಗತ್ತಿಸಿ. ಅಲ್ಲೂ ಆಗದಿದ್ದರೆ ಇದೇ ಕಾಯ್ದೆಯಡಿ ಇಂಥ ದೂರು ಆಲಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗಬಹುದು, ಶುಲ್ಕವಿಲ್ಲ. ಅದರ ಅಧ್ಯಕ್ಷರು ಹಾಲಿ ಅಥವಾ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಮಟ್ಟದವರು. ಈ ಕಾಯ್ದೆಯಡಿಯ ಹಕ್ಕುಗಳಿಗಾಗಿ ರೋಗಿಗೆ ಉಚಿತ ಕಾನೂನು ನೆರವೂ ಉಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಅರ್ಜಿ ಎಲ್ಲಿಯೇ ಕೊಡಿ, ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಬೀಳುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.