ಕಾಫಿ ಈಸ್, ಬೀನ್ಸ್ ಆರ್

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಒಮ್ಮೆ ಲಂಡನ್ನಿನಿಂದ ಬಂದವರು ಎರಡು ಬ್ಯಾಗ್ ಮರೆತು ಹೋದರು. ‘ಯುವರ್ ಲಗೇಜಸ್ ಆರ್ ಸೇಫ್’ ಅಂತ ಮೆಸೇಜ್ ಹಾಕಿದೆ. ‘ಗ್ಲಾಡ್ ದ ಲಗೇಜ್ ಈಸ್ ಸೇಫ್’ ಅಂತ ಉತ್ತರ ಬಂತು. ಅವರು ಮೆಲ್ಲಗೆ ನನ್ನನ್ನು ತಿದ್ದಿದ್ದಾರೆ ಅಂತ ಹೊಳೆಯಲು ಎರಡು ದಿನ ಬೇಕಾಯಿತು!

ಇಂಗ್ಲಿಷ್ ಲಗೇಜಿನಂಥ ಕೆಲವನ್ನು ರಾಶಿಯಾಗಿ ನೋಡುತ್ತದೆ. ರಾಶಿ ಎಷ್ಟೇ ದೊಡ್ಡದಿರಲಿ, ಅದು ಒಂದೇ. ಹಾಗಾಗಿ ಈಸ್, ವಾಸ್, ಹ್ಯಾಸ್. ನಮ್ಮ ಕಣಕ್ಕೆ ಬನ್ನಿ. ‘ದ ಕಾಫಿ ಈಸ್ ಡ್ರೈಯಿಂಗ್’, ಆದರೆ ‘ದ ಬೀನ್ಸ್ ಆರ್ ಡ್ರೈಯಿಂಗ್’. ಒಣಗುತ್ತಿರುವುದು ಅದೇ ಮಾಲು, ಅಲ್ವಾ?

ಹಾಲು, ಅಕ್ಕಿ, ನೀರಿನ ವಿಷಯದಲ್ಲಿ ನಾವು ತಪ್ಪುವುದು ಕಡಿಮೆ. ಕನ್ನಡದಲ್ಲೂ ‘ಹಾಲುಗಳು’ ಅನ್ನುವುದಿಲ್ಲ. ಎಡವುವುದು ಮಾಹಿತಿಗಳು, ಸಲಹೆಗಳು, ಸುದ್ದಿಗಳು, ಉಪಕರಣಗಳು ಬಂದಾಗ. ನಮಗೆ ‘ಗಳು’ ಸಲೀಸು. ಇಂಗ್ಲಿಷಿನಲ್ಲಿ ಇನ್ಫರ್ಮೇಶನ್, ಅಡ್ವೈಸ್, ನ್ಯೂಸ್, ಎಕ್ವಿಪ್‌ಮೆಂಟ್ ಎಲ್ಲಕ್ಕೂ ‘ಈಸ್’. ನ್ಯೂಸ್‌ನ ಬಾಲದಲ್ಲಿರುವ ಎಸ್ ನೋಡಿ ಮೋಸಹೋಗಬೇಡಿ. 400 ವರ್ಷದ ಹಿಂದೆ ಇಂಗ್ಲಿಷರೇ ‘ದೀಸ್ ನ್ಯೂಸ್’ ಅಂತಲೂ ಬರೆಯುತ್ತಿದ್ದರು, ಈಗಿಲ್ಲ. ಕುರ್ಚಿ ಎಣಿಸಬಹುದು, ಫರ್ನಿಚರ್ ಎಣಿಸುವ ಹಾಗಿಲ್ಲ. ಲಾಜಿಕ್ ಹುಡುಕುತ್ತಾ ಕೂರಬೇಡಿ, ಸುಮ್ನೆ ಬಾಯಿಪಾಠ ಮಾಡಿ.

ಎಣಿಸಲೇಬೇಕಾದರೆ ಒಂದು ಪಾತ್ರೆ ಬೇಕು. ಮೂಟೆ, ಲೋಟ, ಪೀಸ್. ಆಗ ಕ್ರಿಯಾಪದ ಪಾತ್ರೆಯ ಕಡೆ ನೋಡುತ್ತದೆ. ‘ಹತ್ತು ಮೂಟೆ ಕಾಫಿ ರೆಡಿ ಇದೆ’ ಅನ್ನುವ ನಮ್ಮ ಬಾಯಿಗೆ ‘ಟೆನ್ ಬ್ಯಾಗ್ಸ್ ಆಫ್ ಕಾಫಿ ಈಸ್ ರೆಡಿ’ ಅಂತಲೇ ಬರುತ್ತದೆ. ‘ಆರ್ ರೆಡಿ’ ಅನ್ನಬೇಕು. ನನ್ನ ಮೆಸೇಜೂ ‘ಟೂ ಪೀಸಸ್ ಆಫ್ ಲಗೇಜ್ ಆರ್ ಹಿಯರ್’ ಅಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೂಟೆಯೊಳಗಿನ ಮಾಲು ನೆನೆದರೆ ‘ದ ಕಾಫಿ ಇನ್ ದ ಬ್ಯಾಗ್ಸ್ ಈಸ್ ವೆಟ್’. ಇಲ್ಲಿ ನೆನೆದದ್ದು ಕಾಫಿ. ಪಕ್ಕದಲ್ಲೇ ಬ್ಯಾಗ್ಸ್ ಇದೆ ಅಂತ ‘ಆರ್’ ಹಾಕಬೇಡಿ.

‘ಎ ಲಾಟ್ ಆಫ್’ ಮಾತ್ರ ಪಾತ್ರೆಯಲ್ಲ. ಅಲ್ಲಿ ಮುಂದಿನ ಪದ ನೋಡಿ: ‘ಎ ಲಾಟ್ ಆಫ್ ಕಾಫಿ ಈಸ್’, ‘ಎ ಲಾಟ್ ಆಫ್ ಬೀನ್ಸ್ ಆರ್’.

ಇಷ್ಟೆಲ್ಲ ಕಲಿತ ಮೇಲೆ ಬೆಳಗ್ಗೆ ಒಬ್ಬ ಅತಿಥಿ ‘ಟೂ ಕಾಫೀಸ್ ಪ್ಲೀಸ್’ ಅಂದರೆ ತಬ್ಬಿಬ್ಬಾಗಬೇಡಿ. ಅವರು ಕೇಳುತ್ತಿರುವುದು ಎರಡು ಲೋಟ. ಧೈರ್ಯವಾಗಿ ‘ಟೂ ಕಾಫೀಸ್ ಆರ್ ಕಮಿಂಗ್’ ಅನ್ನಿ.